ಹಳೆಯ ಕೌದಿ

ಪ್ರತಿಯೊಂದು ಮನೆಯಲ್ಲಿಯೂ ಬಂದವರಿಗೆ ತೋರಿಸಲೆಂದು ಇಟ್ಟ ವಸ್ತುಗಳು ಕೆಲವಿರುತ್ತವೆ. ಬಂದವರ ಕಣ್ಣಿಗೆ ಬೀಳದಿರಲೆಂದು ಮರೆಮಾಡಿದ ವಸ್ತುಗಳೂ ಕೆಲವಿರುತ್ತವೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತ ಚಹದ ಕಪ್ಪುಬಸಿಗಳು ಮೊದಲನೆಯ ವರ್ಗದವು. ಕೌದಿ ಎರಡನೆಯ ವರ್ಗಕ್ಕೆ ಸೇರಿದುದು. ಹೊರಗೆ ಕರೆಗಂಟೆಯ ಸಪ್ಪಳವಾದೊಡನೆ ಮನೆಯೊಡತಿ ಮೊದಲು ಮಾಡುವ ಕೆಲಸವೆಂದರೆ ಮಂಚದ ಮೇಲಿನ ಕೌದಿಯನ್ನು ಸುತ್ತಿ ಒಳಕೋಣೆಗೆ ಎಸೆಯುವುದು. ಬಾಗಿಲು ತೆರೆಯುವುದೇನಿದ್ದರೂ ಆ ಬಳಿಕ. ಮುಂಬಯಿಯಲ್ಲಿ ಒಳಕೋಣೆಯೇ ಇಲ್ಲದ ಮನೆಗಳು ಬಹಳವಾದುದರಿಂದ ಅದು ಮಂಚದ ಕೆಳಗೆ ಹೋಗುವುದೂ ಉಂಟು. ಚಳಿಯ ರಾತ್ರಿಯಲ್ಲಿ ಎಲ್ಲರಿಗೂ ಬೇಕಾದ, ಹಗಲು ಯಾರಿಗೂ ಬೇಡವಾದ ಈ ಬಡ ಬಂಧುವಿನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನನಗೆ ಬಹು ದಿನಗಳ ಆಸೆ. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯ ಸಂಪಾದಕರು ಪುಟಗಳನ್ನು ಕೊಟ್ಟುದರಿಂದ ಆ ಆಸೆ ಇಂದು ಈಡೇರಿತು.

ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ಧಾರವಾಡಗಳ ಕಡೆಯ ಮನೆಗಳ ಮಕ್ಕಳಿಗೆ ಕೌದಿಯೆಂದರೇನೆಂದು ನಾನು ಹೇಳಬೇಕಾಗಿಲ್ಲ. ಅದರಡಿಯಲ್ಲಿಯೇ ಅವರು ಬೆಳೆದಿದ್ದಾರೆ. ಕರಾವಳಿಯ ಕಡೆಯ ಮಿತ್ರರಿಗಾಗಿ ಇಷ್ಟು ಹೇಳಿದರೆ ಸಾಕು: ಉಟ್ಟು ಹಳೆಯದಾದ ಸೀರೆ ಧೋತರಗಳನ್ನು ಪದರುಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಎಲ್ಲವನ್ನೂ ಕೂಡಿಸಿ ಕೈಯಿಂದ ಹೊಲಿದ ದಪ್ಪ ಹೊದಿಕೆಯೇ ಕೌದಿ. ಹಾಸುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ. ನಮ್ಮ ಮರಾಠಿ ನೆರೆಯವರು ಇದನ್ನು ಗೋಧಡಿ ಎನ್ನುತ್ತಾರೆ. ಬಂಗಾಳದಲ್ಲಿ ಇದರ ಅಕ್ಕನಿಗೆ ಕಾಂಥಾ ಎಂದು ಹೆಸರು, ಬಿಹಾರದಲ್ಲಿ ಸುಜನಿ, ಸಿಂಧ ಮತ್ತು ರಾಜಸ್ಥಾನದ ಮರುಭೂಮಿಯ ಕಡೆ ರಲ್ಲಿ. ನಮ್ಮ ಭಾಷೆಯಲ್ಲಿಯೇ ಬೊಂತೆ ಎಂಬ ಹಳೆಯ ಮಾತೊಂದುಂಟು. ಹೆಸರು ಹಲವಾದರೂ ಹಿಂದಿನ ವಿಚಾರ ಒಂದೇ: ಬಟ್ಟೆಗೆ ಒಂದು ಜನ್ಮ ಸಾಲದು.

ತೇಪೆಯ ಬಟ್ಟೆ ಬಡತನದ ಗುರುತೆಂದು ನಾಚುವವರು ಒಂದು ಹಳೆಯ ಕಥೆಯನ್ನು ನೆನೆಯಬೇಕು. ಬೌದ್ಧ ಭಿಕ್ಷುಗಳ ಚೀವರವು ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದುದು. ಮಗಧದ ಹೊಲಗಳನ್ನೂ ಅವುಗಳ ನಡುವಣ ಬದುಗಳನ್ನೂ ನೋಡಿ, ಈ ಮಾದರಿಯಲ್ಲಿ ಭಿಕ್ಷುಗಳ ವಸ್ತ್ರವನ್ನು ಹೊಲಿಯಬಹುದೇ ಎಂದು ಬುದ್ಧನು ಆನಂದನನ್ನು ಕೇಳಿದನೆಂದೂ, ಆನಂದನು ಹಾಗೆಯೇ ಹೊಲಿದು ತೋರಿಸಿದನೆಂದೂ ವಿನಯಪಿಟಕ ಹೇಳುತ್ತದೆ. ಗದ್ದೆಗಳ ಅಂದವನ್ನು ಮೈಮೇಲೆ ಹೊದೆಯುವ ಈ ಕಲ್ಪನೆ ನನಗೆ ಬಹಳ ಹಿಡಿಸಿದೆ. ವಿಮಾನದಲ್ಲಿ ಹೋಗುವಾಗ ಕೆಳಗಿನ ಭೂಮಿ ಕೌದಿಯಂತೆ ಕಾಣುತ್ತದೆಂದು ಈಗಿನವರು ಹೇಳುವುದುಂಟು. ವಿಮಾನವಿಲ್ಲದೆ ಅದನ್ನು ಕಂಡವರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಇದ್ದರು.

ಕೌದಿಯನ್ನು ಹೊಲಿಯುವುದನ್ನು ನಾನು ಚಿಕ್ಕಂದಿನಲ್ಲಿ, ಬೇಸಗೆಯ ಸೂಟಿಗೆ ಊರಿಗೆ ಹೋದಾಗ ಕಣ್ಣಾರೆ ನೋಡಿದ್ದೇನೆ. ನಮ್ಮೂರು ಬಾಗಲಕೋಟೆಯ ಕಡೆಯ ಒಂದು ಹಳ್ಳಿ. ಸುಗ್ಗಿ ಮುಗಿದು ಹೆಂಗಸರಿಗೆ ಕೊಂಚ ಬಿಡುವಾದ ಮೇಲೆ ಅಟ್ಟದಿಂದ ಹಳೆಯ ಬಟ್ಟೆಯ ಗಂಟು ಇಳಿಯುತ್ತಿತ್ತು. ಆ ಗಂಟನ್ನು ಬಿಚ್ಚುವುದೇ ಒಂದು ಸಮಾರಂಭ. ಸೀರೆ ಧೋತರಗಳನ್ನು ಮೊದಲು ಒಗೆದು ಒಣಗಿಸಬೇಕು. ಕುಪ್ಪಸಗಳ ಹೊಲಿಗೆ ಬಿಚ್ಚಬೇಕು. ಗಟ್ಟಿಯಾಗಿ ಉಳಿದ ಭಾಗವಾವುದು, ಜಿರಿದ ಭಾಗವಾವುದು ಎಂದು ಬೆಳಕಿಗೆ ಹಿಡಿದು ನೋಡಬೇಕು. ಜಿರಿದುದು ಹೊಟ್ಟೆಯೊಳಗೆ, ಗಟ್ಟಿಯಾದುದು ಮೈಮೇಲೆ. ಸೆರಗು ದಡಿಗಳು ಅಂಚಿಗೆ. ಇಳಕಲ್ಲಿನ ಸೀರೆಯ ಕೆಂಪು ಸೆರಗಿಗೂ ಗುಳೇದಗುಡ್ಡದ ಖಣಕ್ಕೂ ನಡುವಿನಲ್ಲಿ ಸ್ಥಾನ. ಉಟ್ಟ ಕಾಲದಲ್ಲಿ ಯಾವುದಕ್ಕೆ ಮರ್ಯಾದೆಯಿತ್ತೋ ಹರಿದ ಕಾಲದಲ್ಲಿಯೂ ಅದಕ್ಕೇ ಮರ್ಯಾದೆ.

ಬಳಿಕ ಪಡಸಾಲೆಯನ್ನು ಗುಡಿಸಿ, ಅಡಿಯ ಸೀರೆಯನ್ನು ನೆಲದ ಮೇಲೆ ಬಿಗಿಯಾಗಿ ಹರಡಿ, ನಾಲ್ಕು ಮೂಲೆಗಳಿಗೂ ಭಾರವಿಡುತ್ತಿದ್ದರು. ನಮ್ಮ ಮನೆಯಲ್ಲಿ ಎರಡು ಮೂಲೆಗೆ ಕಲ್ಲು, ಒಂದು ಮೂಲೆಗೆ ಜೋಳ ಅಳೆಯುವ ಸೇರು; ನಾಲ್ಕನೆಯ ಮೂಲೆಗೆ ನಾನು. ಅಲುಗಾಡದೆ ಕುಳಿತಿರುವುದೇ ನನ್ನ ಕೆಲಸ. ಅದರ ಮೇಲೆ ಮೂರು ನಾಲ್ಕು ಪದರುಗಳು ಬೀಳುತ್ತಿದ್ದವು. ಎಲ್ಲಕ್ಕೂ ಮೇಲೆ ತುಂಡುಗಳ ಜೋಡಣೆ. ಅಳತೆಪಟ್ಟಿಯಿಲ್ಲ, ಸೀಸಕಡ್ಡಿಯಿಲ್ಲ, ಕಾಗದದ ಮೇಲೆ ಬರೆದ ನಕ್ಷೆಯಿಲ್ಲ. ಗೇಣಿನಿಂದ ಅಳೆಯುವುದು, ಕಣ್ಣಿನಿಂದ ತೂಗುವುದು. ಒಬ್ಬಾಕೆ ಹಳದಿಯ ತುಂಡನ್ನಿಟ್ಟರೆ ಎದುರಿಗಿದ್ದವಳು ತಲೆಯಾಡಿಸಿ ಅದನ್ನು ಸರಿಸಿ ಹಸಿರನ್ನಿಡುವಳು. ಯಾಕೆಂದು ಕೇಳಿದರೆ, “ಅಲ್ಲಿ ಅದು ಒದರತೈತಿ” ಎಂದು ಉತ್ತರ. ಬಣ್ಣವೊಂದು ತನ್ನ ಸ್ಥಳದಲ್ಲಿಲ್ಲದಿದ್ದರೆ ಕೂಗಿಕೊಳ್ಳುತ್ತದೆ ಎಂಬ ಈ ಸೂಕ್ಷ್ಮವನ್ನು, ಮುಂದೆ ನಾನು ನೋಡಿದ ಚಿತ್ರಕಲೆಯ ಪುಸ್ತಕಗಳು ಬಹು ದೊಡ್ಡ ಮಾತುಗಳಲ್ಲಿ ಹೇಳಿದವು.

ಹೊಲಿಗೆ ಮಾತ್ರ ಅತ್ಯಂತ ಸರಳ. ಸೂಜಿ ಕೆಳಗಿಳಿಯುತ್ತದೆ, ಮೇಲೇಳುತ್ತದೆ, ಮುಂದೆ ಹೋಗುತ್ತದೆ, ಅಷ್ಟೆ. ಬೆರಳಗಲದ ಅಂತರದಲ್ಲಿ ಸಾಲಿನ ಪಕ್ಕಕ್ಕೆ ಸಾಲು, ಹೊಲದ ಕುಂಟೆಯ ಸಾಲಿನಂತೆ. ಆದರೆ ಐದು ಪದರು ಬಟ್ಟೆಯ ಮೂಲಕ ಸೂಜಿಯನ್ನು ನೂಕುವುದು ಸುಲಭವಲ್ಲ, ಹೆಬ್ಬೆರಳು ಮರಗಟ್ಟುತ್ತದೆ. ದಾರವನ್ನು ಹೆಚ್ಚು ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಸಡಿಲ ಬಿಟ್ಟರೆ ಪದರುಗಳು ಒಳಗೇ ಜಾರಿ ಒಂದು ಮೂಲೆಗೆ ಗುಡ್ಡೆಯಾಗುತ್ತವೆ. ಆ ನಡುವಣ ಹದವೇ ವಿದ್ಯೆ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬೆಚ್ಚಗಿರುವುದು ಬಟ್ಟೆಯಿಂದಲ್ಲ, ಪದರುಗಳ ನಡುವೆ ಸಿಕ್ಕಿ ನಿಂತ ಗಾಳಿಯಿಂದ. ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ, ಆದರೆ ಅದು ಚಲಿಸದೆ ನಿಂತಿರಬೇಕು. ಕೌದಿಯ ಹೊಲಿಗೆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕುತ್ತದೆ. ಭೌತಶಾಸ್ತ್ರವನ್ನು ಓದದ ನಮ್ಮ ಅಜ್ಜಿಯರು ಗಾಳಿಯನ್ನೇ ಹೊಲಿಯುತ್ತಿದ್ದರೆಂದರೆ ತಪ್ಪಾಗದು.

ಇಂಥ ಒಂದು ಕೌದಿ ಮುಗಿಯಲು ಮೂರು ನಾಲ್ಕು ಹೆಂಗಸರು ಸೇರಿದರೂ ಹಲವು ಮಧ್ಯಾಹ್ನಗಳು ಬೇಕಾಗುತ್ತಿದ್ದವು. ಆ ಮಧ್ಯಾಹ್ನಗಳಲ್ಲಿ ಊರಿನ ಸುದ್ದಿಯೆಲ್ಲ ಹೊಲಿಗೆಯೊಡನೆ ಒಳಗೆ ಸೇರಿಹೋಗುತ್ತಿತ್ತು. ಮನೆಯಲ್ಲಿ ಕೈಗಳಿಲ್ಲದವರು ಹೊಲಿಯುವವರನ್ನು ಕರೆಸುತ್ತಿದ್ದರು. ಅವರಿಗೆ ಕೂಲಿ ಜೋಳದ ರೂಪದಲ್ಲಿ ಸಲ್ಲುತ್ತಿತ್ತು. ಮಹಾನವಮಿಗೆ ಮುಂಚೆ ಊರಿನ ಕೌದಿಗಳೆಲ್ಲ ಹಳ್ಳಕ್ಕೆ ಹೋಗುತ್ತಿದ್ದವು. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಗಂಡಸರು ಬೇಕು. ಬಂಡೆಗಳ ಮೇಲೆ, ಬೇಲಿಗಳ ಮೇಲೆ ಅವನ್ನು ಒಣಹಾಕಿದಾಗ ಇಡೀ ದಂಡೆ ಜಾತ್ರೆಯಂತೆ ಕಾಣುತ್ತಿತ್ತು. ಯಾರ ಮನೆಯಲ್ಲಿ ಯಾರು ಏನು ಉಟ್ಟಿದ್ದರೆಂಬುದು ಆ ದಿನ ಊರಿಗೆಲ್ಲ ಬಯಲು.

ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರ ಕೌದಿಯ ಮಾತು ಇಲ್ಲಿ ಬಾರದಿದ್ದರೆ ಈ ಬರಹ ಅಪೂರ್ಣ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲೆಗಳ ಕಾಡಿನ ಅಂಚಿನಲ್ಲಿ ವಾಸಿಸುವ ಈ ಜನ ಆಫ್ರಿಕದ ಮೂಲದವರು. ಅವರ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರುಂಟು. ಈಗ ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಆದರೆ ಕೌದಿಯ ವಿದ್ಯೆ ಮೂವರಿಗೂ ಸಾಮಾನ್ಯ. ಅದನ್ನು ಅವರು ಕವಂದ ಎನ್ನುತ್ತಾರೆ. ಅವರು ಹೊಲಿಯುವ ಕ್ರಮವೇ ಬೇರೆ. ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುಹಾಕುತ್ತ, ಸುತ್ತಿನೊಳಗೆ ಸುತ್ತಾಗಿ ನಡುವಿಗೆ ಬರುತ್ತಾರೆ. ಗುಡಿಗೆ ಪ್ರದಕ್ಷಿಣೆ ಹಾಕುತ್ತ ಗರ್ಭಗುಡಿಯನ್ನು ಸೇರಿದ ಹಾಗೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಚಿದ ತ್ರಿಕೋಣದ ತುಂಡುಗಳನ್ನಿಟ್ಟು ಹೊಲಿಯುತ್ತಾರೆ. ಇವಕ್ಕೆ ಫೂಲ, ಎಂದರೆ ಹೂವು ಎಂದು ಹೆಸರು. ಹೂವಿಲ್ಲದ ಕವಂದವು ಬತ್ತಲೆಯಂತೆ, ಮುಗಿದುದಲ್ಲವಂತೆ! ಉಪಯೋಗದ ದೃಷ್ಟಿಯಿಂದ ಆ ಹೂವುಗಳಿಗೆ ಯಾವ ಕೆಲಸವೂ ಇಲ್ಲ. ಹೊಟ್ಟೆಬಟ್ಟೆಗೆ ಕಷ್ಟವಿರುವ ಮನೆಯಲ್ಲಿಯೂ ನಾಲ್ಕು ಮೂಲೆಗೆ ನಾಲ್ಕು ಹೂವುಗಳಿಲ್ಲದೆ ಹೊದೆಯಲಾಗದು ಎಂಬ ಹಟವಿದೆಯಲ್ಲ, ಕಲೆಯೆಂದು ನಾವು ಕರೆಯುವುದು ಆ ಹಟವನ್ನೇ ಎಂದು ನಾನು ತಿಳಿದಿದ್ದೇನೆ.

ಹೆನ್ರಿ ಜಾನ್ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಈ ಕವಂದಗಳನ್ನು ಕಂಡು ಬೆರಗಾಗಿ, 2004ರಿಂದ ಆ ಹೆಂಗಸರೊಡನೆ ಕೆಲಸಮಾಡಿ, ಅವುಗಳನ್ನು ಹೊರನಾಡುಗಳಲ್ಲಿ ಪ್ರದರ್ಶಿಸಿದರು. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ಗೀಸ್ ಬೆಂಡ್ ಎಂಬ ಒಂದು ಹಳ್ಳಿಯಿದೆ. ನದಿಯೊಂದು ಮೂರು ಕಡೆಯಿಂದ ಸುತ್ತುವರಿದ ಹಳ್ಳಿ. ಅಲ್ಲಿಯೂ ಗುಲಾಮರ ಸಂತತಿಯ ಕರಿಯ ಹೆಂಗಸರು ಹಳೆಯ ಬಟ್ಟೆಗಳಿಂದ ಹೊದಿಕೆಗಳನ್ನು ಹೊಲಿಯುತ್ತಾರೆ. 2002ರಲ್ಲಿ ಅವು ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದ ಗೋಡೆಗಳನ್ನೇರಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿತು. ಆ ಹೊದಿಕೆಗಳ ಚಿತ್ರಗಳನ್ನು ನೋಡಿದಾಗ ಹಳಿಯಾಳದ ಕವಂದದ ನೆನಪಾಗದಿರದು. ಇದೆಲ್ಲ ಆಫ್ರಿಕದ ರಕ್ತದ ಗುಣವೆಂದು ಹೇಳುವವರಿದ್ದಾರೆ. ನಾನು ಅಷ್ಟು ಬೇಗ ಒಪ್ಪಲಾರೆ. ನಮ್ಮ ಬಾಗಲಕೋಟೆಯ ಕಡೆಯ ಕೌದಿಯಲ್ಲಿಯೂ ಅದೇ ಧೈರ್ಯದ ಬಣ್ಣಗಳಿವೆ. ಕೈಗೆ ಸಿಕ್ಕ ತುಂಡೇ ಬಂಡವಾಳವಾದಾಗ, ಕತ್ತರಿಸಿ ಕೆಡಿಸುವುದಕ್ಕೆ ಬಟ್ಟೆ ಹೆಚ್ಚಿಗಿಲ್ಲದಿದ್ದಾಗ, ಎಲ್ಲ ದೇಶದ ಹೆಂಗಸರೂ ತುಂಡಿನ ಆಕಾರವನ್ನೇ ನಂಬಬೇಕಾಗುತ್ತದೆ.

ಆ ಹಳ್ಳಿಯ ಒಂದು ಹೊದಿಕೆಯ ಕಥೆಯನ್ನು ನಾನು ಮರೆಯಲಾರೆ. ಮಿಸೌರಿ ಪೆಟ್‌ವೇ ಎಂಬಾಕೆಯ ಗಂಡ ತೀರಿಕೊಂಡನು. ಆಕೆ 1942ರಲ್ಲಿ ಅವನು ಹೊಲದಲ್ಲಿ ತೊಟ್ಟು ಸವೆಸಿದ ಉಡುಪುಗಳನ್ನೆಲ್ಲ ಬಿಚ್ಚಿ ಹೊದಿಕೆಯಾಗಿ ಹೊಲಿದಳು, ಅವನ ನೆನಪನ್ನು ಹೊದ್ದು ಮಲಗಬೇಕೆಂದು. ಷರಾಯಿಯ ಮಂಡಿಯ ಕಡೆಯ ಬಣ್ಣ ಮಾಸಿದ ಜಾಗಗಳು ಅದರಲ್ಲಿ ಹಾಗೆಯೇ ಉಳಿದಿವೆ.

ಬಂಗಾಳದ ಕಾಂಥಾಕ್ಕೆ ನಮ್ಮ ದೇಶದಲ್ಲಿಯೂ ಗೌರವ ದೊರಕಿದೆ. ಕೊಲ್ಕತ್ತೆಯ ಬಳಿ ಜೋಕಾದಲ್ಲಿ ಗುರುಸದಯ ದತ್ತರು ಕೂಡಿಹಾಕಿದ ಸಂಗ್ರಹವುಂಟು. ಮಾನದಾಸುಂದರಿ ದಾಸಿ ಎಂಬಾಕೆ ತನ್ನ ತಂದೆಗಾಗಿ ಹೊಲಿದ ಕಾಂಥಾ ಅದರಲ್ಲಿದೆ. ತನ್ನ ಹೆಸರನ್ನೂ ಆಕೆ ಸೂಜಿಯಿಂದಲೇ ಬರೆದಿದ್ದಾಳೆ. ಸ್ಟೆಲ್ಲಾ ಕ್ರಾಮ್ರಿಷ್ ಎಂಬ ವಿದುಷಿ 1939ರಲ್ಲಿಯೇ ಕಾಂಥಾದ ಮೇಲೆ ಪ್ರಬಂಧ ಬರೆದರು; ಅವರ ಸಂಗ್ರಹ ಇಂದು ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿದೆ. ನಮ್ಮಲ್ಲಿ ಧಾರವಾಡದ ಕಸೂತಿಗೆ ಇಂಥ ಭಾಗ್ಯ ಸ್ವಲ್ಪಮಟ್ಟಿಗೆ ಒದಗಿದೆ. ಕಸೂತಿ ಹೊಸ ಸೀರೆಯ ಮೇಲೆ ಕುಳಿತು ಮದುವೆಯ ಮನೆಗೆ ಹೋಗುತ್ತದೆ. ಕೌದಿ ಹಳೆಯ ಸೀರೆಯಿಂದ ಹುಟ್ಟಿ ಬಾಣಂತಿಯ ಕೋಣೆಗೆ ಹೋಗುತ್ತದೆ. ಒಂದರ ಮೇಲೆ ಪುಸ್ತಕಗಳು ಬಂದವು. ಇನ್ನೊಂದರ ಮೇಲೆ ಮಕ್ಕಳು ಮಲಗಿದರು.

ಇನ್ನು ನಮ್ಮ ಮನೆಯ ಕೌದಿಯ ವಿಷಯ.

ಇದನ್ನು ನಮ್ಮ ಅಜ್ಜಿ ಹೊಲಿದುದು 1943ರಲ್ಲಿ, ನಮ್ಮ ತಂದೆಯವರು ಹುಟ್ಟುವುದಕ್ಕೆ ಎರಡು ತಿಂಗಳು ಮುಂಚೆ. ಆಗ ನಮ್ಮ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎರಡನೆಯ ಮಹಾಯುದ್ಧದ ಕಾಲ. ಬಟ್ಟೆಗೆ ಬರ ಬಂದು, ಆ ವರ್ಷವೇ ಸರಕಾರ ಬಟ್ಟೆಯ ಮೇಲೆ ನಿಯಂತ್ರಣ ಹೇರಿತು. ಹೊಸ ಬಟ್ಟೆ ಸಿಗದ ಆ ದಿನಗಳಲ್ಲಿ ಹುಟ್ಟಲಿರುವ ಕೂಸಿಗಾಗಿ ಮನೆಯ ಹಳೆಯ ಬಟ್ಟೆಯೆಲ್ಲ ಒಟ್ಟುಗೂಡಿತು. ಆಗ ಏಳು ವರ್ಷದವಳಾಗಿದ್ದ ನಮ್ಮ ಸೋದರತ್ತೆ ಸೂಜಿಗೆ ದಾರ ಪೋಣಿಸಿಕೊಟ್ಟಳಂತೆ. ತಂದೆಯವರು ಕೆಲಸಕ್ಕಾಗಿ ಮುಂಬಯಿಗೆ ಬಂದಾಗ ಕೌದಿಯೂ ಅವರೊಡನೆ ಬಂದಿತು. ಅತ್ತೆಯೂ ಮುಪ್ಪಿನಲ್ಲಿ ನಮ್ಮೊಡನೆಯೇ ಬಂದಿದ್ದಳು.

2019ರಲ್ಲಿ ನನ್ನ ತಮ್ಮನು ಚೋರ್ ಬಜಾರದ ಕಡೆಯ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರನ್ನು ಮನೆಗೆ ಕರೆತಂದನು. ತಮ್ಮನ ಮಗಳಿಗೆ ಕಾಲೇಜಿನ ಶುಲ್ಕ ಕಟ್ಟಬೇಕಾಗಿದ್ದ ಸಮಯ. ಆ ವ್ಯಾಪಾರಿ ನಿಜವಾಗಿಯೂ ತಿಳಿದವರು. ಅವರು ನೋಡಿದ ರೀತಿಯನ್ನು ನಾನು ಮೆಚ್ಚಲೇಬೇಕು. ನಾವು ಹೆಮ್ಮೆಯಿಂದ ಹರಡಿದ ಮುಖದ ಭಾಗವನ್ನು ಅವರು ನೋಡಲೇ ಇಲ್ಲ. ಮೊದಲು ಹಿಮ್ಮುಖ ಮಾಡಿ ಹೊಲಿಗೆಯನ್ನು ಪರೀಕ್ಷಿಸಿದರು. ದಾರ ಯಂತ್ರದ್ದೇ ಕೈಯದೇ, ಸಾಲು ನೆಟ್ಟಗಿದೆಯೇ, ಒಂದೇ ಕೈಯೇ ಹಲವು ಕೈಗಳೇ ಎಂದು ಬೆರಳಾಡಿಸಿ ನೋಡಿದರು. ಕಪ್ಪು ಮತ್ತು ಕಡುಕಂದು ತುಂಡುಗಳು ಮಾತ್ರ ಪುಡಿಪುಡಿಯಾಗಿದ್ದುವು. ಕಬ್ಬಿಣದ ಅಂಶ ಸೇರಿಸಿ ಕಪ್ಪು ಕಟ್ಟಿದ ಬಟ್ಟೆಯನ್ನು ಆ ಕಬ್ಬಿಣವೇ ಕಾಲಕ್ರಮದಲ್ಲಿ ತಿಂದುಹಾಕುತ್ತದೆಂದು ಅವರು ವಿವರಿಸಿದರು. ಅದರ ಪಕ್ಕದ ನೀಲಿ ಮಾತ್ರ ಇನ್ನೂ ಗಟ್ಟಿ.

ನಡುವೆ ಒಂದೆಡೆ ಗೇಣುದ್ದ ಹರಿದಿತ್ತು. ಅಲ್ಲಿ ಇಣುಕಿ ನೋಡಿದ ವ್ಯಾಪಾರಿ ತಟಕ್ಕನೆ ಕನ್ನಡಕವನ್ನು ಸರಿಪಡಿಸಿಕೊಂಡರು. ಒಳಗೆ ಬರಿಯ ಹಳೆಯ ಸೀರೆಯಿರಲಿಲ್ಲ, ಇನ್ನೊಂದು ಕೌದಿಯಿತ್ತು! ಸವೆದುಹೋದ ಹಳೆಯ ಕೌದಿಯನ್ನೇ ಹೊಟ್ಟೆಯಾಗಿಟ್ಟು ಅಜ್ಜಿ ಹೊಸದನ್ನು ಹೊಲಿದಿದ್ದಳು. ಒಳಗಿನ ನೂಲು ದಪ್ಪ ತೆಳ್ಳಗಾಗಿ ಓಡುತ್ತಿತ್ತು, ಕೈಯಿಂದ ನೂತದ್ದು. ಅದು ನಮ್ಮ ಮುತ್ತಜ್ಜಿಯ ಕಾಲದ್ದಾಗಿರಬೇಕು. ವ್ಯಾಪಾರಿ 18,000 ರೂಪಾಯಿ ಕೊಡುವೆನೆಂದರು.

ನನ್ನ ತಮ್ಮನ ವಾದ ಅವಿವೇಕದ್ದಾಗಿರಲಿಲ್ಲ. “ಅಟ್ಟದ ಮ್ಯಾಲೆ ಹುಳ ತಿನ್ನೂದಕ್ಕಿಂತ ತಿಳಿದವರ ಮನಿಯೊಳಗ ಗೌರವದಿಂದ ಇರ್ಲಿ. ನಾವಂತೂ ಬಂದವರ ಎದುರಿಗೆ ಮುಚ್ಚಿಡತೇವಿ” ಎಂದನು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎಂಟು ದಿನ ಯೋಚಿಸಿ ಹೇಳುವೆವೆಂದು ವ್ಯಾಪಾರಿಯನ್ನು ಕಳುಹಿಸಿದೆವು.

ಆ ಎಂಟು ದಿನಗಳಲ್ಲಿ ನಾನು ಒಂದು ಕೆಲಸಮಾಡಿದೆ. ಆಗ ಎಂಬತ್ತಮೂರು ವರ್ಷದವಳಾಗಿದ್ದ ಅತ್ತೆಯನ್ನು ಕೌದಿಯ ಪಕ್ಕದಲ್ಲಿ ಕೂರಿಸಿ, ತುಂಡುಗಳಿಗೆ ಒಂದೊಂದಾಗಿ ಅಂಕಿ ಹಾಕಿ, ಶಾಲೆಯ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದೆ. ಒಟ್ಟು 63 ತುಂಡುಗಳು. ಅವಳ ಕಣ್ಣು ಮಂದವಾಗಿದ್ದುದರಿಂದ ಬೆರಳಿನಿಂದಲೇ ಓದುತ್ತಿದ್ದಳು. ಇದು ನಮ್ಮವ್ವನ ಮದುವೆಯ ಕುಪ್ಪಸದ ಖಣ; ಇದು ಅಪ್ಪ ಸಂತೆಗೆ ಉಟ್ಟು ಹೋಗುತ್ತಿದ್ದ ಧೋತರ; ಇದು ಕೈಸಾಲ ತೀರಿಸದೆ ಹೋದವನೊಬ್ಬ ಹಣಕ್ಕೆ ಬದಲು ಕೊಟ್ಟ ರುಮಾಲು. ಒಂದು ಬಿಳಿಯ ತುಂಡಿನ ಮೇಲೆ ಅರ್ಧ ಅಳಿಸಿದ ಗಿರಣಿಯ ಛಾಪು ಇತ್ತು. ಅದು ಮುಂಬಯಿಯ ಗಿರಣಿಯದೇ. ಈ ಊರಿನಲ್ಲಿ ನೇಯ್ದ ಬಟ್ಟೆ ನಮ್ಮ ಹಳ್ಳಿಗೆ ಹೋಗಿ, ಉಟ್ಟು ಹರಿದು, ಕೌದಿಯಾಗಿ ಮರಳಿ ಈ ಊರಿಗೇ ಬಂದಿತ್ತು. 1982ರ ಮುಷ್ಕರದ ಬಳಿಕ ಆ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದುದನ್ನು ನಿಮ್ಮ ತಂದೆ ತಾತಂದಿರು ಹೇಳಿರಬಹುದು.

ಮೂವತ್ತೇಳನೆಯದು ಅಂಗೈಯಗಲದ ಒಂದು ಕೆಂಪು ಚುಕ್ಕೆಯ ತುಂಡು. ಅದರ ಮೇಲೆ ಕೈಯಿಟ್ಟು ಅತ್ತೆ ಬಹಳ ಹೊತ್ತು ಸುಮ್ಮನೆ ಕುಳಿತಳು. ನಾನು, “ಇದು ಯಾರದು, ಅತ್ತೀ?” ಎಂದೆ.

“ಇದು ನನ್ನ ತಂಗೀ ಕುಂಚಿಗಿ, ತಮ್ಮಾ.”

ಅತ್ತೆಗೆ ತಂಗಿಯೊಬ್ಬಳಿದ್ದಳೆಂಬುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮ ತಂದೆಯವರಿಗೂ ತಮಗಿಂತ ಮುಂಚೆ ಒಬ್ಬ ಅಕ್ಕ ಹುಟ್ಟಿ, ಮೂರು ತುಂಬುವುದರೊಳಗೆ ಜ್ವರದಿಂದ ಹೋದ ಸಂಗತಿ ಗೊತ್ತಿರಲಿಲ್ಲ. ಮನೆಯಲ್ಲಿ ಅವಳ ಹೆಸರೆತ್ತಬಾರದೆಂದು ಅಜ್ಜ ಕಟ್ಟಪ್ಪಣೆ ಮಾಡಿದ್ದನಂತೆ. ಭಾವಚಿತ್ರವಿಲ್ಲ, ಯಾವ ದಫ್ತರದಲ್ಲಿಯೂ ಹೆಸರಿಲ್ಲ. ಅಜ್ಜಿ ಬಾಯಿಬಿಟ್ಟು ಒಂದು ಮಾತನ್ನೂ ಆಡದೆ ಅವಳ ಕುಂಚಿಗೆಯನ್ನು ಬಿಚ್ಚಿ, ಹುಟ್ಟಲಿರುವ ಕೂಸಿನ ಎದೆಯ ಮೇಲೆ ಬರುವ ಹಾಗೆ, ಕೌದಿಯ ನಡುವಿಗೆ ಸ್ವಲ್ಪ ಮೇಲೆ ಇಟ್ಟು ಹೊಲಿದಿದ್ದಳು. ನಮ್ಮ ತಂದೆಯವರು ಎಪ್ಪತ್ತಾರು ವರ್ಷಗಳ ಬಳಿಕ ಆ ತುಂಡನ್ನು ಮುಟ್ಟಿ ನೋಡಿದರು. ನೋಟುಬುಕ್ಕಿನಲ್ಲಿ ಅವಳ ಹೆಸರನ್ನು ಬರೆದೆನು. ಇಲ್ಲಿ ಬರೆಯುವುದಿಲ್ಲ; ಅದು ಮನೆಯ ಮಾತು.

ತಮ್ಮನು ಆ ಮೇಲೆ ಮಾರುವ ಮಾತನ್ನು ತೆಗೆಯಲಿಲ್ಲ. ಶುಲ್ಕವನ್ನು ಬೇರೆ ಕಡೆಯಿಂದ ಹೊಂದಿಸಿದೆವು. ಆದರೆ ಹೊಸದೊಂದು ಚರ್ಚೆ ಹುಟ್ಟಿಕೊಂಡಿತು: ಹರಿದ ಭಾಗವನ್ನು ಏನು ಮಾಡುವುದು? ನಾನು ಕೆಲವು ಪುಸ್ತಕಗಳನ್ನು ನೋಡಿದೆನು. ಸಂಗ್ರಹಾಲಯದವರು ಇಂಥ ವಸ್ತುಗಳನ್ನು ಮಡಿಚುವುದಿಲ್ಲ, ಮಡಿಕೆಯ ಗೆರೆಯಲ್ಲಿ ನೂಲು ಮುರಿಯುತ್ತದೆಂದು ಉರುಳೆಗೆ ಸುತ್ತಿಡುತ್ತಾರೆ. ಬೆಳಕನ್ನು 50 ಲಕ್ಸಿಗಿಂತ ಹೆಚ್ಚಾಗಗೊಡುವುದಿಲ್ಲ. ಹರಿದಲ್ಲಿ ಹೊಸ ತೇಪೆ ಹಾಕುವುದಿಲ್ಲ. ಅತಿ ತೆಳುವಾದ ಜಾಲರಿಯನ್ನು ಮೇಲೆ ಹಾಸಿ, ಬೇಕೆಂದಾಗ ಬಿಚ್ಚಲು ಬರುವಂತೆ ನಾಲ್ಕಾರು ಎಳೆ ಹಾಕುತ್ತಾರೆ. ಇದೆಲ್ಲ ಯುಕ್ತವೆಂದು ನನಗೆ ತೋರಿತು. ಅತ್ತೆಗೆ ತಿಳಿಸಿದೆ. ಅವಳು ನಕ್ಕು, “ಹರದದ್ದಕ್ಕ ತ್ಯಾಪಿ ಹಾಕಬಾರದಂದ್ರ, ಅದು ಕೌದಿ ಆಗಿದ್ದರ ಹ್ಯಾಂಗೋ?” ಎಂದಳು. ಮಾರನೆಯ ದಿನ ತನ್ನ ಹಳೆಯ ನೂಲಿನ ಸೀರೆಯೊಂದರ ಸೆರಗನ್ನು ಕತ್ತರಿಸಿಕೊಂಡು, ನನ್ನ ತಮ್ಮನ ಮಗಳಿಂದ ಸೂಜಿಗೆ ದಾರ ಪೋಣಿಸಿಕೊಂಡು, ಕೂತೇಬಿಟ್ಟಳು. ಕೈ ನಡುಗುತ್ತಿತ್ತು, ಹೊಲಿಗೆಯ ಸಾಲು ಅತ್ತಿತ್ತ ಓಡಾಡಿತು. ಗೇಣುದ್ದದ ತೇಪೆಗೆ ಆರು ದಿನ ಹಿಡಿಯಿತು.

ವ್ಯಾಪಾರಿ ಮತ್ತೊಮ್ಮೆ ಬಂದರು. ಮಾರುವುದಿಲ್ಲವೆಂದು ತಿಳಿಸಿದೆವು; ನೋಡಿಯಾದರೂ ಹೋಗುವೆನೆಂದು ಕೌದಿಯನ್ನು ಹರಡಿಸಿದರು. ಹೊಸ ತೇಪೆಯನ್ನು ಕಂಡು ಅವರ ಮುಖ ಬಾಡಿತು. ಈಗ ಇದು ಹಳೆಯ ವಸ್ತುವಾಗಿ ಉಳಿಯಲಿಲ್ಲ, ಇನ್ನು 9,000ಕ್ಕಿಂತ ಹೆಚ್ಚು ಬಾರದು ಎಂದರು. ನಾನು ಅದನ್ನು ಅತ್ತೆಗೆ ಹೇಳಿದೆ. “ಅರ್ಧಾ ಕಿಮ್ಮತ್ತು ಕಳದ್ನಿ ಏನು?” ಎಂದು ಕೇಳಿ, ಬಹಳ ದೊಡ್ಡ ಕೆಲಸವೊಂದನ್ನು ಮಾಡಿದವಳಂತೆ ಕಾಲು ಚಾಚಿ ಕುಳಿತಳು.

ಇಂದು ಹೊಸ ಕೌದಿಗಳು ಹುಟ್ಟುವುದು ಕಡಮೆಯಾಗಿದೆ. ಪಾಲಿಯೆಸ್ಟರ್ ಸೀರೆ ಎಷ್ಟು ಒಗೆದರೂ ಮೆದುವಾಗದು, ಬೆವರು ಹೀರದು, ಪದರಿಟ್ಟರೆ ಜಾರುತ್ತದೆ. ಸೊಲ್ಲಾಪುರದ ಚಾದರ ಸಂತೆಯಲ್ಲಿ ಸುಲಭವಾಗಿ ಸಿಗುತ್ತದೆ. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು ಮುಂಬಯಿಯ ಕೆಲವು ಓಣಿಗಳಲ್ಲಿ ಇನ್ನೂ ತಿರುಗುತ್ತಾರೆ. ಎರಡು ಸೀರೆಗೆ ಒಂದು ಡಬ್ಬಿ ದೊರೆತರೆ ನಮ್ಮ ತಾಯಂದಿರು ಕೌದಿಯನ್ನೇಕೆ ಹೊಲಿದಾರು? ಡಬ್ಬಿಯೂ ಬೇಕಾದ ವಸ್ತುವೇ. ಆದರೆ ನಿಮ್ಮ ಮನೆಯಲ್ಲಿ ಹಳೆಯ ಕೌದಿಯೊಂದಿದ್ದು, ಅದರ ತುಂಡುಗಳನ್ನು ಬಲ್ಲ ಅಜ್ಜಿಯೊಬ್ಬಳೂ ಇದ್ದರೆ, ಈ ಸೂಟಿಯಲ್ಲಿ ಒಂದು ನೋಟುಬುಕ್ಕನ್ನು ಹಿಡಿದು ಅವಳ ಪಕ್ಕದಲ್ಲಿ ಕೂಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕೌದಿಯನ್ನು ಕಟ್ಟಿಡಬೇಡಿರಿ. ಒಳಗೆ ತೇವ ನಿಂತು ಬೂಸು ಹಿಡಿಯುತ್ತದೆ. ಒಗೆದ ಹಳೆಯ ಬಿಳಿಯ ನೂಲಿನ ಬಟ್ಟೆಯಲ್ಲಿ ಸುತ್ತಿಡಿರಿ. ವರ್ಷಕ್ಕೆರಡು ಸಲ ನೆರಳಿನಲ್ಲಿ ಗಾಳಿಗೆ ಹರಡಿರಿ.

ನಾನು ಕೂತಾಗ 41 ತುಂಡುಗಳ ಸುದ್ದಿ ದೊರಕಿತು. ಉಳಿದುವನ್ನು ದೀಪಾವಳಿಯ ಸೂಟಿಯಲ್ಲಿ ಬರೆದುಕೊಳ್ಳೋಣವೆಂದಿದ್ದೆವು. ಅಷ್ಟರಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಕೌದಿಯನ್ನು ಅವಳ ಮೇಲೆ ಹೊದಿಸಿದಾಗ ಬೆರಳುಗಳು ತುಂಡಿನಿಂದ ತುಂಡಿಗೆ ಸರಿಯುತ್ತಿದ್ದವು. ಏನನ್ನೋ ಗುರುತಿಸುತ್ತಿದ್ದಳೆಂದು ನಮಗೆ ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. 2021ರ ಮಾಘ ಮಾಸದಲ್ಲಿ ಅವಳು ತೀರಿಕೊಂಡಳು. ನೋಟುಬುಕ್ಕಿನಲ್ಲಿ 22 ಅಂಕಿಗಳ ಮುಂದೆ ಏನೂ ಬರೆದಿಲ್ಲ. ಒಳಗಿನ ಮುತ್ತಜ್ಜಿಯ ಕೌದಿಯಲ್ಲಿ ಎಷ್ಟು ತುಂಡುಗಳಿವೆಯೆಂಬುದನ್ನು ಹೊಲಿಗೆ ಬಿಚ್ಚದೆ ಎಣಿಸುವ ಹಾಗಿಲ್ಲ. ಬಿಚ್ಚಬಾರದೆಂದು ನಾವೆಲ್ಲ ಒಪ್ಪಿದ್ದೇವೆ. ಅರವತ್ತನಾಲ್ಕನೆಯ ತುಂಡು ಅತ್ತೆಯ ಸೆರಗು. ಅದನ್ನು ತಮ್ಮನ ಮಗಳು ತನ್ನ ಕೈಯಿಂದಲೇ ನೋಟುಬುಕ್ಕಿನಲ್ಲಿ ಸೇರಿಸಿದ್ದಾಳೆ. ಮುಂಬಯಿಯಲ್ಲಿ ಚಳಿ ಇರುವುದೇ ಎಣಿಸಿದಷ್ಟು ದಿನ. ಜನವರಿಯ ಆ ಕೆಲವು ರಾತ್ರಿಗಳಲ್ಲಿ ಕೌದಿ ಅಟ್ಟದಿಂದ ಇಳಿಯುತ್ತದೆ. ಉಳಿದ ದಿನಗಳಲ್ಲಿ ಬಿಳಿಯ ಧೋತರದ ಸುತ್ತಿನಲ್ಲಿ ಮಲಗಿರುತ್ತದೆ.